ಪ್ರಜಾತೀರ್ಪು 2001: ಜಹೀರಾಬಾದಿನ ಹೊಲದಿಂದ ಲಂಡನ್ ಪಾರ್ಲಿಮೆಂಟಿಗೆ ಹೋದ ಮಾತು

2001ರ ಜೂನ್ 25ರಿಂದ ಜುಲೈ 1ರವರೆಗೆ, ಆಗಿನ ಆಂಧ್ರಪ್ರದೇಶದ ಮೇದಕ್ ಜಿಲ್ಲೆಯ ಅಲ್ಗೋಲ್ ಎಂಬ ಹಳ್ಳಿಯಲ್ಲಿ 19 ಜನ ಕೂತು ಒಂದು ತೀರ್ಪು ಕೊಟ್ಟರು. ಹೆಚ್ಚಿನವರು ಸಣ್ಣ, ಅತಿ ಸಣ್ಣ ರೈತರು. ದಲಿತರು ಮತ್ತು ಆದಿವಾಸಿಗಳು ಬಹಳ ಮಂದಿ ಇದ್ದರು, ಹೆಂಗಸರೇ ಜಾಸ್ತಿ. ಅವರ ಮುಂದೆ ಇದ್ದ ಪ್ರಶ್ನೆ ಒಂದೇ: ಇನ್ನು 20 ವರ್ಷದಲ್ಲಿ ನಮ್ಮ ಬೇಸಾಯ ಹೇಗಿರಬೇಕು, ನಾವು ಏನು ಉಣ್ಣಬೇಕು, ಅದನ್ನು ಯಾರು ತೀರ್ಮಾನಿಸಬೇಕು? ಈ ಇಡೀ ಪ್ರಕ್ರಿಯೆಗೆ ‘ಪ್ರಜಾತೀರ್ಪು’ ಎಂದು ಹೆಸರು. ಅಲ್ಗೋಲ್ ಇರುವುದು ಜಹೀರಾಬಾದ್ ಹತ್ತಿರ. ಇವತ್ತು ಅದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಗೆ ಸೇರುತ್ತದೆ. ಬೀದರಿನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಹೋದವರಿಗೆ ಜಹೀರಾಬಾದ್ ಗೊತ್ತೇ ಇರುತ್ತದೆ.

ಜಾಗತಿಕ ಪರಿಸರದ ವಿಷಯದಲ್ಲಿ ದೇಶದ ಗಡಿ ದಾಟಿ ಸಾಮಾನ್ಯ ಜನ ಚರ್ಚೆ ಮಾಡಿ ತೀರ್ಮಾನ ಹೇಳುವುದು ಸಾಧ್ಯವಾ? ಹೇಳಿದರೆ ಯಾರಾದರೂ ಕೇಳಿಸಿಕೊಳ್ಳುತ್ತಾರಾ? ಇದಕ್ಕೆ ಉದಾಹರಣೆ ಕೊಡುವವರು ಸಾಮಾನ್ಯವಾಗಿ ದೊಡ್ಡ ದೊಡ್ಡ ಸಭೆಗಳನ್ನು ಹೆಸರಿಸುತ್ತಾರೆ. ನಾನು ಈ ಸಣ್ಣ ಸಭೆಯನ್ನು ಆರಿಸಿಕೊಂಡಿದ್ದೇನೆ. ಹಣ ಕೊಡುವ ದೇಶಕ್ಕೂ ಅದರ ಪರಿಣಾಮ ಅನುಭವಿಸುವ ಹೊಲಕ್ಕೂ ನಡುವೆ ಇರುವ ದಾರಿ ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಆ ದಾರಿ ಎಲ್ಲಿ ಮುಚ್ಚಿಹೋಗುತ್ತದೆ ಎಂಬುದೂ ಇಲ್ಲೇ ಕಾಣುತ್ತದೆ.

ಹಿನ್ನೆಲೆ: 70 ಇದ್ದದ್ದು 40 ಆಗಬೇಕು

1999ರ ಜನವರಿಯಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ‘ವಿಷನ್ 2020’ ಎಂಬ ದಾಖಲೆ ಹೊರತಂದಿತು. ತಯಾರಿಯಲ್ಲಿ ಜೊತೆಗಿದ್ದದ್ದು ಅಮೆರಿಕದ ಸಲಹಾ ಕಂಪನಿ ಮೆಕಿನ್ಸಿ. ಐಟಿ, ರಸ್ತೆ, ಬಂದರು, ಆಡಳಿತ ಎಲ್ಲದರ ಬಗ್ಗೆಯೂ ಅದರಲ್ಲಿ ಗುರಿಗಳಿದ್ದವು. ಬೇಸಾಯದ ಬಗ್ಗೆ ಇದ್ದ ಗುರಿಗಳಲ್ಲಿ ಒಂದು ಹೀಗಿತ್ತು: ಬೇಸಾಯವನ್ನು ನಂಬಿ ಬದುಕುವವರ ಪ್ರಮಾಣ ಶೇಕಡಾ 70ರಿಂದ 40ಕ್ಕೆ ಇಳಿಯಬೇಕು. ಇದರ ಜೊತೆಗೆ ಯಂತ್ರಗಳು ಬರಬೇಕು, ಹಿಡುವಳಿಗಳು ಒಂದುಗೂಡಬೇಕು, ಗುತ್ತಿಗೆ ಬೇಸಾಯ ಬೆಳೆಯಬೇಕು, ಕುಲಾಂತರಿ ಬೆಳೆಗಳೂ, ಅಂದರೆ ಪ್ರಯೋಗಾಲಯದಲ್ಲಿ ವಂಶವಾಹಿ ಬದಲಿಸಿದ ಬೆಳೆಗಳೂ, ಬರಬೇಕು.

2001ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆ ಸುಮಾರು 7.6 ಕೋಟಿ. ಅದರಲ್ಲಿ ನೂರಕ್ಕೆ 30 ಅಂದರೆ ಎರಡು ಕೋಟಿಗೂ ಹೆಚ್ಚು. ಇಷ್ಟು ಜನ ಹೊಲ ಬಿಟ್ಟು ಎಲ್ಲಿಗೆ ಹೋಗಬೇಕು, ಏನು ಮಾಡಬೇಕು? ಇಂಥ ಪ್ರಶ್ನೆಯನ್ನು ಮೊದಲು ಕೇಳಬೇಕಾದದ್ದು ಆ ಎರಡು ಕೋಟಿ ಜನರನ್ನೇ. ಅವರನ್ನು ಯಾರೂ ಕೇಳಿರಲಿಲ್ಲ.

ಇದು ಒಂದು ರಾಜ್ಯದ ಒಳಗಿನ ಸಂಗತಿ ಅಲ್ವಾ, ಇದರಲ್ಲಿ ಗಡಿ ಎಲ್ಲಿ ಬಂತು ಎಂದು ಕೇಳಬಹುದು. ಆಂಧ್ರದ ಸುಧಾರಣೆಗಳಿಗೆ ವಿಶ್ವಬ್ಯಾಂಕ್ ಸಾಲ ಕೊಡುತ್ತಿತ್ತು. ಬ್ರಿಟನ್ನಿನ ಅಂತರರಾಷ್ಟ್ರೀಯ ಅಭಿವೃದ್ಧಿ ಇಲಾಖೆ, ಅಂದರೆ ಡಿಎಫ್‌ಐಡಿ, ಭಾರತದಲ್ಲಿ ಒತ್ತು ಕೊಟ್ಟು ನೆರವು ನೀಡುತ್ತಿದ್ದ ನಾಲ್ಕು ರಾಜ್ಯಗಳಲ್ಲಿ ಆಂಧ್ರವೂ ಒಂದು. ಅಂದರೆ ತೆರಿಗೆ ಕಟ್ಟಿದವರು ಬ್ರಿಟನ್ನಿನಲ್ಲಿ, ಯೋಜನೆ ಬರೆದವರು ಹೈದರಾಬಾದಿನಲ್ಲಿ, ಹೊಲ ಬಿಡಬೇಕಾದವರು ಮೇದಕ್, ಅನಂತಪುರ, ಆದಿಲಾಬಾದುಗಳಲ್ಲಿ. ಬೀಜ ಮಾರುವ ಕಂಪನಿಗಳ ಪ್ರಧಾನ ಕಚೇರಿಗಳು ಇನ್ನೂ ಬೇರೆ ದೇಶಗಳಲ್ಲಿ. ಮೇದಕ್‌ನ ರೈತ ಮಹಿಳೆಗೆ ಹೈದರಾಬಾದಿನ ಸರ್ಕಾರವನ್ನು ಬದಲಿಸಲು ಐದು ವರ್ಷಕ್ಕೊಮ್ಮೆ ಓಟು ಇತ್ತು. ಲಂಡನ್ನಿನ ಇಲಾಖೆಯ ಮೇಲೆ ಅವಳಿಗೆ ಯಾವ ಹಿಡಿತವೂ ಇರಲಿಲ್ಲ.

ಯಾರು ನಡೆಸಿದರು

ಸ್ಥಳೀಯವಾಗಿ ಇದರ ಹಿಂದಿದ್ದ ಮುಖ್ಯ ವ್ಯಕ್ತಿ ಪಿ.ವಿ. ಸತೀಶ್. ಪೂರ್ತಿ ಹೆಸರು ಪಿರಿಯಾಪಟ್ಟಣ ವೆಂಕಟಸುಬ್ಬಯ್ಯ ಸತೀಶ್. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಸುಮಾರು ಎರಡು ದಶಕ ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದು, ಆಮೇಲೆ ಜಹೀರಾಬಾದ್ ಸೀಮೆಯ ಪಸ್ತಾಪುರದಲ್ಲಿ ನೆಲೆನಿಂತರು. 1983ರಲ್ಲಿ ಗೆಳೆಯರೊಡನೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ದಲಿತ ಹೆಂಗಸರ ಸಂಘಗಳು, ಊರೂರಿನ ಬೀಜದ ಬ್ಯಾಂಕುಗಳು, ಪಾಳುಬಿದ್ದ ಭೂಮಿಯಲ್ಲಿ ಮತ್ತೆ ಜೋಳ ಬೆಳೆದು ಊರಿನ ಬಡವರಿಗೆ ಅಲ್ಲೇ ಹಂಚುವ ವ್ಯವಸ್ಥೆ, 2008ರಲ್ಲಿ ಮಾಚನೂರಿನಲ್ಲಿ ಹೆಂಗಸರೇ ನಡೆಸುವ ಸಂಘಂ ರೇಡಿಯೊ: ಇವೆಲ್ಲ ಆ ಸಂಸ್ಥೆಯ ಕೆಲಸ. ಸಿರಿಧಾನ್ಯ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಸತೀಶ್ ಅದನ್ನು ಹಿಡಿದು ದುಡಿದದ್ದು ಅದಕ್ಕೆ ಮಾರುಕಟ್ಟೆಯೇ ಇಲ್ಲದ ಕಾಲದಲ್ಲಿ. 2023ರ ಮಾರ್ಚಿನಲ್ಲಿ ತೀರಿಕೊಂಡರು.

ಆ ಹೊತ್ತಿಗೆ ಭಾರತ ಸರ್ಕಾರ ರಾಷ್ಟ್ರೀಯ ಜೀವವೈವಿಧ್ಯ ಕಾರ್ಯಯೋಜನೆ ಬರೆಸುತ್ತಿತ್ತು. 1992ರ ಜಾಗತಿಕ ಜೀವವೈವಿಧ್ಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಬಂದ ಹೊಣೆ ಅದು. ದಖ್ಖನ್ ಭಾಗದ ಯೋಜನೆ ಬರೆಯುವ ಕೆಲಸ ಸತೀಶರ ಸಂಸ್ಥೆಗೆ ಬಂತು. ಅವರು ಅದನ್ನು ಕಚೇರಿಯಲ್ಲಿ ಕೂತು ಬರೆಯಲಿಲ್ಲ. ಎತ್ತಿನ ಗಾಡಿಗಳನ್ನು ಸಿಂಗರಿಸಿ, ಬುಟ್ಟಿಗಳಲ್ಲಿ ನಾಟಿ ಬೀಜಗಳನ್ನು ಇಟ್ಟುಕೊಂಡು ಊರಿಂದೂರಿಗೆ ಹಳೆ ಬೆಳೆಗಳ ಜಾತ್ರೆ ಮಾಡಿದರು. ಗಾಡಿ ನಿಂತಲ್ಲಿ ಮಾತುಕತೆ, ಮಾತುಕತೆಯಲ್ಲಿ ಬಂದದ್ದು ಯೋಜನೆಗೆ. ಪ್ರಜಾತೀರ್ಪು ಹುಟ್ಟಿದ್ದು ಈ ವಾತಾವರಣದಲ್ಲಿ.

ಜೊತೆಗೆ ನಿಂತವರು ಲಂಡನ್ನಿನ ಅಂತರರಾಷ್ಟ್ರೀಯ ಪರಿಸರ ಮತ್ತು ಅಭಿವೃದ್ಧಿ ಸಂಸ್ಥೆಯ ಮಿಶೆಲ್ ಪಿಂಬರ್ಟ್, ಸಸೆಕ್ಸ್‌ನ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಟಾಮ್ ವೇಕ್‌ಫರ್ಡ್, ಆಂಧ್ರದ ಜೀವವೈವಿಧ್ಯ ರಕ್ಷಣಾ ಒಕ್ಕೂಟ ಮತ್ತು ಹೈದರಾಬಾದ್ ವಿಶ್ವವಿದ್ಯಾಲಯ. ನಾಗರಿಕರನ್ನು ನ್ಯಾಯಮಂಡಳಿಯಂತೆ ಕೂರಿಸುವ ಪದ್ಧತಿ ನಮ್ಮ ಕಡೆಗೆ ಆಗಲೇ ಬಂದಿತ್ತು. ಹಿಂದಿನ ವರ್ಷ, 2000ದಲ್ಲಿ, ಚಿತ್ರದುರ್ಗ ಜಿಲ್ಲೆಯಲ್ಲಿ ಆಕ್ಷನ್ ಏಡ್ ಸಂಸ್ಥೆ ಕುಲಾಂತರಿ ಬೆಳೆಗಳ ಬಗ್ಗೆ ರೈತರ ಮಂಡಳಿಯೊಂದನ್ನು ಕೂರಿಸಿತ್ತು. ಅಲ್ಲಿ ಇದ್ದದ್ದು ಬೀಜದ ಪ್ರಶ್ನೆ. ಅಲ್ಗೋಲ್‌ನಲ್ಲಿ ಪ್ರಶ್ನೆ ದೊಡ್ಡದಾಯಿತು, ಇಡೀ ಬೇಸಾಯದ ಭವಿಷ್ಯವೇ ಚರ್ಚೆಗೆ ಬಂತು.

ಏಳು ದಿನದ ಒಳಗೆ

ರೈತರನ್ನು ಕರೆದು ‘ನಿಮಗೆ ಈ ಯೋಜನೆ ಬೇಕಾ, ಬೇಡವಾ’ ಎಂದು ಕೇಳಿದ್ದರೆ ಅದು ಒಂದು ಸಮೀಕ್ಷೆ ಆಗುತ್ತಿತ್ತು, ಅಷ್ಟೇ. ಇಲ್ಲಿ ಮೂರು ದಾರಿಗಳನ್ನು ಮುಂದಿಟ್ಟರು. ಮೊದಲನೆಯದು ವಿಷನ್ 2020 ಹೇಳುವ ದಾರಿ. ಎರಡನೆಯದು ಸಾವಯವವಾಗಿ ಬೆಳೆದು ಹೊರದೇಶದ ಮಾರುಕಟ್ಟೆಗೆ ಮಾರುವ ದಾರಿ. ಮೂರನೆಯದು ಊರಿಗೆ ಬೇಕಾದದ್ದನ್ನು ಊರಲ್ಲೇ ಬೆಳೆದು, ಹತ್ತಿರದ ಸಂತೆಯಲ್ಲೇ ಕೊಟ್ಟು ಕೊಳ್ಳುವ, ಗಾಂಧೀಜಿಯ ವಿಚಾರಕ್ಕೆ ಹತ್ತಿರದ ದಾರಿ. ಪ್ರತಿಯೊಂದಕ್ಕೂ ಒಂದು ವಿಡಿಯೊ ಮಾಡಿ ತೋರಿಸಿದರು. ಓದು ಬರಹ ಬಾರದವರಿಗೂ ವಿಷಯ ಮುಟ್ಟಬೇಕು ಎಂಬುದು ಇದರ ಉದ್ದೇಶ. ಈ ಮೂರರಲ್ಲಿ ಒಂದನ್ನು ಆರಿಸಬಹುದು, ಮೂರರಿಂದಲೂ ಬೇಕಾದ್ದನ್ನು ತೆಗೆದುಕೊಂಡು ತಮ್ಮದೇ ದಾರಿ ಕಟ್ಟಬಹುದು.

ಆಮೇಲೆ ಸಾಕ್ಷಿಗಳು ಬಂದರು. ಸರ್ಕಾರದ ಕಡೆಯವರು, ವಿಶ್ವವಿದ್ಯಾಲಯದವರು, ಬೀಜ ಮತ್ತು ಕೀಟನಾಶಕ ಉದ್ಯಮದವರು, ಸ್ವಯಂಸೇವಾ ಸಂಸ್ಥೆಗಳವರು, ಹೀಗೆ ಹತ್ತಕ್ಕೂ ಹೆಚ್ಚು ಜನ. ಒಬ್ಬೊಬ್ಬರೂ ತಮ್ಮ ವಾದ ಹೇಳಬೇಕು, ಆಮೇಲೆ ರೈತರು ಕೇಳುವ ಪ್ರಶ್ನೆಗೆ ಉತ್ತರಿಸಬೇಕು. ಸಾಮಾನ್ಯವಾಗಿ ಕೃಷಿ ಅಧಿಕಾರಿ ಹಳ್ಳಿಗೆ ಬಂದರೆ ಮಾತು ಅವರದು, ಕೇಳುವುದು ರೈತರ ಪಾಲು. ಇಲ್ಲಿ ತಜ್ಞರು ಬಂದು ಹೋಗುವವರು, ರೈತರು ಕೂತು ತೂಗುವವರು. ನನಗೆ ಈ ಇಡೀ ಪ್ರಕರಣದಲ್ಲಿ ಬಹಳ ಮುಖ್ಯ ಅನಿಸುವುದು ಈ ಜಾಗದ ಬದಲಾವಣೆ. ಇಂಥ ಏರ್ಪಾಡು ಇಲ್ಲದಿದ್ದರೆ ‘ಜನರ ಅಭಿಪ್ರಾಯ ಸಂಗ್ರಹ’ ಎಂಬುದು ಸುಮ್ನೆ ಒಂದು ಸಹಿ ಹಾಕಿಸುವ ಕೆಲಸ ಆಗಿಬಿಡುತ್ತದೆ. ಗಣಿ, ಅಣೆಕಟ್ಟು, ವಿದ್ಯುತ್ ಸ್ಥಾವರಗಳ ಸಾರ್ವಜನಿಕ ಅಹವಾಲು ಸಭೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ, ಎದುರಿಗೆ ಪೊಲೀಸರು, ವೇದಿಕೆ ಮೇಲೆ ಜಿಲ್ಲಾಧಿಕಾರಿ.

ಎಲ್ಲವನ್ನೂ ನ್ಯಾಯವಾಗಿ ನಡೆಸುತ್ತಿದ್ದಾರಾ ಎಂದು ನೋಡಲು ಒಂದು ಮೇಲ್ವಿಚಾರಣಾ ಸಮಿತಿ ಇತ್ತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅದರ ಅಧ್ಯಕ್ಷರು. ನಡೆದದ್ದೆಲ್ಲ ವಿಡಿಯೊದಲ್ಲಿ ದಾಖಲಾಯಿತು.

ರೈತರನ್ನು ಲಾಟರಿ ಎತ್ತಿ ಆರಿಸಿರಲಿಲ್ಲ. ಸಣ್ಣ ಹಿಡುವಳಿದಾರರು ಇರಬೇಕು, ಅರ್ಧಕ್ಕಿಂತ ಹೆಚ್ಚು ಹೆಂಗಸರು ಇರಬೇಕು, ರಾಜ್ಯದ ಬೇರೆ ಬೇರೆ ಸೀಮೆಗಳಿಂದ ಬರಬೇಕು, ಎಲ್ಲರ ಮಾತನ್ನೂ ಕೇಳುವ ಮನಸ್ಸಿರಬೇಕು ಎಂದು ನೋಡಿ ಆರಿಸಿದ್ದರು. ಈ ಯೋಜನೆಯಿಂದ ಹೆಚ್ಚು ಪೆಟ್ಟು ತಿನ್ನುವವರೇ ತೀರ್ಪು ಹೇಳಲಿ ಎಂಬ ಉದ್ದೇಶ ಅದರಲ್ಲಿತ್ತು. ಮುಂದೆ ಜಗಳ ಶುರುವಾದದ್ದು ಈ ಆಯ್ಕೆಯ ಸುತ್ತಲೇ.

ತೀರ್ಪು

ಕೊನೆಗೆ ಅವರು ಹೇಳಿದ್ದು ಎರಡು ಭಾಗದಲ್ಲಿದೆ. ತಮಗೆ ಏನು ಬೇಕು ಎಂಬುದು ಒಂದು: ಆಹಾರದಲ್ಲಿ ಸ್ವಾವಲಂಬನೆ, ಭೂಮಿ ಮತ್ತು ಬೀಜದ ಮೇಲೆ ಊರಿನವರ ಹಿಡಿತ, ಮಣ್ಣಿನ ಆರೋಗ್ಯ, ಬಗೆಬಗೆಯ ಬೆಳೆ, ಮರ, ದನಕರು, ತಮ್ಮಲ್ಲೇ ಇರುವ ತಿಳಿವಳಿಕೆಯ ಮೇಲೆ ಕಟ್ಟಿದ ಬೇಸಾಯ. ಏನು ಬೇಡ ಎಂಬುದು ಇನ್ನೊಂದು: 70ನ್ನು 40ಕ್ಕೆ ಇಳಿಸುವುದು ಬೇಡ. ಭೂಮಿ ಕೆಲವರ ಕೈಗೆ ಸೇರುವುದು, ಹಳ್ಳಿಯ ಜನ ಒಕ್ಕಲೇಳುವುದು ಬೇಡ. ಗುತ್ತಿಗೆ ಬೇಸಾಯ ಬೇಡ. ಕೂಲಿ ಕಸಿಯುವ ಯಂತ್ರ ಬೇಡ. ಬಿಟಿ ಹತ್ತಿ ಮತ್ತು ವಿಟಮಿನ್ ‘ಎ’ ಅಕ್ಕಿ ಸೇರಿದಂತೆ ಕುಲಾಂತರಿ ಬೆಳೆ ಬೇಡ. ಔಷಧಿ ಗಿಡಗಳ ಮೇಲಿನ ಹಿಡಿತ ಕೈತಪ್ಪುವುದೂ ಬೇಡ.

ಇದನ್ನು ಓದಿದ ಕೆಲವರಿಗೆ ‘ಯಂತ್ರ ಬೇಡ ಅನ್ನುತ್ತಾರಲ್ಲ, ಹಿಂದಕ್ಕೆ ಹೋಗುವ ಮಾತು’ ಅನಿಸಬಹುದು. ಆ ಸೀಮೆಯ ಒಂದು ಒಣ ಬೇಸಾಯದ ಹೊಲವನ್ನು ಹತ್ತಿರದಿಂದ ನೋಡಿದರೆ ಲೆಕ್ಕ ಅರ್ಥವಾಗುತ್ತದೆ. ಒಂದೇ ಹೊಲದಲ್ಲಿ ಜೋಳ, ತೊಗರಿ, ಹೆಸರು, ಉದ್ದು, ಅಲಸಂದೆ, ಬದುವಿನಲ್ಲಿ ಪುಂಡಿ. ಇದು ನಮ್ಮ ಅಕ್ಕಡಿ ಬೇಸಾಯವೇ. ಮಳೆ ಮುಂಚೆ ಬಂದರೆ ಒಂದು ಬೆಳೆ ಕೈಗೆ ಬರುತ್ತದೆ, ತಡವಾದರೆ ಇನ್ನೊಂದು. ಜೋಳದ ಕಾಳು ಮನೆಗೆ, ಕಣಿಕಿ ಎತ್ತು ಎಮ್ಮೆಗೆ, ಅವುಗಳ ಸಗಣಿ ಮತ್ತೆ ಹೊಲಕ್ಕೆ. ಸಾಲಿನ ನಡುವೆ ಬಿತ್ತದೇ ಬರುವ ಸೊಪ್ಪು ಸಾರಿಗೆ ಆಗುತ್ತದೆ. ಸ್ವಂತ ಹೊಲ ಸಾಲದವರಿಗೆ ಪಕ್ಕದ ಹೊಲದ ಕಟಾವಿನಲ್ಲಿ ಕೂಲಿಗೆ ಕಾಳು ಸಿಗುತ್ತದೆ.

ಈಗ ಇದೇ ಹೊಲಕ್ಕೆ ಬರೀ ಹತ್ತಿ ಹಾಕಿ. ಮನೆಗೆ ಕಾಳಿಲ್ಲ, ದನಕ್ಕೆ ಮೇವಿಲ್ಲ. ದನ ಮಾರಿದರೆ ಗೊಬ್ಬರಕ್ಕೆ ಅಂಗಡಿಗೆ ಹೋಗಬೇಕು. ಕಳೆನಾಶಕ ಹೊಡೆದರೆ ಸೊಪ್ಪೂ ಹೋಯಿತು. ಕಟಾವಿಗೆ ಯಂತ್ರ ಬಂದರೆ ಕೂಲಿಯ ಕಾಳೂ ಹೋಯಿತು. ವಿಟಮಿನ್ ‘ಎ’ ಅಕ್ಕಿಯನ್ನು ಕಣ್ಣಿನ ಕಾಯಿಲೆಗೆ ಪರಿಹಾರ ಎಂದು ತೋರಿಸಿದರೆ, ತನ್ನ ಹೊಲದ ಸೊಪ್ಪಿನಲ್ಲೇ ಅದನ್ನು ಪಡೆಯುತ್ತಿರುವ ಹೆಂಗಸಿಗೆ ಅದು ಹೇಗೆ ಪರಿಹಾರ ಆದೀತು? ತೀರ್ಪಿನಲ್ಲಿ ‘ಬೇಡ’ ಎಂದಿರುವ ಸಾಲುಗಳು ಬಿಡಿಬಿಡಿ ಬೇಡಿಕೆಗಳಲ್ಲ. ಒಂದಕ್ಕೊಂದು ಹೆಣೆದುಕೊಂಡಿವೆ. ವಿಷನ್ 2020 ಬರೆದವರು ಬೆಳೆ, ದನ, ಮೇವು, ಕೂಲಿ, ಊಟಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡಬಹುದಿತ್ತು. ಹೊಲದಲ್ಲಿರುವವರಿಗೆ ಹಾಗೆ ಬಿಡಿಸಿ ನೋಡಲು ಬರುವುದಿಲ್ಲ. ಜನರನ್ನು ಕೇಳಬೇಕು ಎನ್ನುವುದಕ್ಕೆ ಕರುಣೆ ಕಾರಣ ಆಗಬೇಕಿಲ್ಲ. ಕಾಗದದ ಮೇಲೆ ಕಾಣದ ಸಂಗತಿಯನ್ನು ಅವರು ಕಾಣುತ್ತಾರೆ.

ಲಂಡನ್ನಿನಲ್ಲಿ ಏನಾಯಿತು

2002ರ ಮಾರ್ಚ್ 18ರಂದು ಪ್ರಜಾತೀರ್ಪಿನ ವರದಿ ಲಂಡನ್ನಿನಲ್ಲಿ, ಬ್ರಿಟಿಷ್ ಪಾರ್ಲಿಮೆಂಟಿನ ಆವರಣದಲ್ಲಿ ಬಿಡುಗಡೆಯಾಯಿತು. ಸಂಘಟಕರ ಲೆಕ್ಕ ಸರಳವಾಗಿತ್ತು. ಹಣ ಅಲ್ಲಿಂದ ಬರುತ್ತಿದೆ, ಆದ್ದರಿಂದ ತೀರ್ಪು ಅಲ್ಲಿಗೂ ಮುಟ್ಟಬೇಕು. ಬ್ರಿಟಿಷ್ ತೆರಿಗೆದಾರರ ಪ್ರತಿನಿಧಿಗಳು ತಮ್ಮ ಇಲಾಖೆಯನ್ನು ಕೇಳಬೇಕು. ಮೇದಕ್‌ನ ರೈತ ಮಹಿಳೆಗೆ ಇಲ್ಲದ ಓಟನ್ನು ಅಲ್ಲಿನ ಸಂಸದರು ಅವಳ ಪರವಾಗಿ ಬಳಸಲಿ ಎಂಬ ಆಸೆ. ಗಡಿ ದಾಟಿದ ಪ್ರಜಾಪ್ರಭುತ್ವ ಎಂದರೆ ಇದೇ ಅಲ್ವಾ?

ಸುದ್ದಿ ಆಯಿತು. ಪ್ರಶ್ನೆಗಳೂ ಎದ್ದವು. ಆದರೆ ಡಿಎಫ್‌ಐಡಿ ಕಡೆಯಿಂದ ಬಂದ ಪ್ರತಿಕ್ರಿಯೆ ಹೊಲದ ಬಗ್ಗೆ ಇರಲಿಲ್ಲ. ಅದರ ಭಾರತ ಕಚೇರಿ ವರದಿಯ ಬಗ್ಗೆಯೇ ಪಿಂಬರ್ಟ್ ಮತ್ತು ವೇಕ್‌ಫರ್ಡ್ ಅವರ ಎರಡೂ ಬ್ರಿಟಿಷ್ ಸಂಸ್ಥೆಗಳಿಗೆ ಆಕ್ಷೇಪ ಕಳಿಸಿತು. ವರದಿಯಲ್ಲಿ ತಮ್ಮ ಪಾತ್ರವನ್ನು ಸರಿಯಾಗಿ ತೋರಿಸಿಲ್ಲ, ವಿಧಾನದಲ್ಲಿ ಲೋಪವಿದೆ, ಇಷ್ಟು ಕಡಿಮೆ ಜನರಿಂದ ಇಷ್ಟು ದೊಡ್ಡ ತೀರ್ಮಾನಕ್ಕೆ ಬರುವುದು ಸರಿಯಲ್ಲ ಎಂಬ ದಿಕ್ಕಿನಲ್ಲಿ ಅದರ ತಕರಾರು ಇತ್ತು. ಆ ಎರಡೂ ಸಂಸ್ಥೆಗಳಿಗೆ ಡಿಎಫ್‌ಐಡಿಯಿಂದ ಅನುದಾನ ಬರುತ್ತಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಆಮೇಲೆ ಇದರ ಸುತ್ತ ತಿಂಗಳುಗಟ್ಟಲೆ ವಾದ ನಡೆಯಿತು. ಬೇರೆ ಬೇರೆ ದೇಶಗಳ ವಿದ್ವಾಂಸರೂ ಕಾರ್ಯಕರ್ತರೂ ಅದರಲ್ಲಿ ಸೇರಿದರು. ಸಂಶೋಧಕರಾದ ಇಯಾನ್ ಸ್ಕೂನ್ಸ್ ಮತ್ತು ಜಾನ್ ಥಾಂಪ್ಸನ್ ಆ ಚರ್ಚೆಯನ್ನು ಒಟ್ಟುಮಾಡಿ 2003ರಲ್ಲಿ ಬರೆದರು.

ಹತ್ತೊಂಬತ್ತು ಜನರ ಮಂಡಳಿಯನ್ನು ಪ್ರಶ್ನಿಸುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಪ್ರಶ್ನಿಸಲೇಬೇಕು. ಸತೀಶರ ಸಂಸ್ಥೆ ಕುಲಾಂತರಿ ಬೆಳೆಯನ್ನು ವಿರೋಧಿಸುತ್ತಿತ್ತು, ಅದು ಗುಟ್ಟೇನೂ ಅಲ್ಲ. ಆ ನಿಲುವು ಇರುವವರೇ ಮಂಡಳಿಯನ್ನು ಕೂರಿಸಿದಾಗ ಪ್ರಶ್ನೆಯ ಚೌಕಟ್ಟು, ವಿಡಿಯೊದ ಧಾಟಿ, ಸಾಕ್ಷಿಗಳ ಆಯ್ಕೆ ಎಲ್ಲದರ ಮೇಲೂ ಅನುಮಾನ ಬರುವುದು ಸಹಜ. ನಿವೃತ್ತ ನ್ಯಾಯಮೂರ್ತಿಯನ್ನು ಮೇಲ್ವಿಚಾರಣೆಗೆ ಕೂರಿಸಿದ್ದು ಇದಕ್ಕೇ. ಇನ್ನೊಂದು ಗಟ್ಟಿ ಆಕ್ಷೇಪವೂ ಇದೆ. ರೈತರ ಮುಂದೆ ಇದ್ದದ್ದು ಬೇಸಾಯದ ಮೂರು ದಾರಿಗಳು. ಬ್ರಿಟಿಷ್ ನೆರವಿನ ಲೆಕ್ಕಪತ್ರ ಅವರ ಮುಂದೆ ಇರಲಿಲ್ಲ. ತೀರ್ಪನ್ನು ಡಿಎಫ್‌ಐಡಿಗೆ ಜೋಡಿಸಿದ್ದು ವರದಿ ಬರೆದವರು. ಹಣದ ಜಾಡನ್ನೂ ರೈತರ ಮುಂದೆ ಸಾಕ್ಷಿಯಾಗಿ ಇಟ್ಟು, ಅದರ ಮೇಲೆಯೇ ತೀರ್ಪು ಕೇಳಿದ್ದರೆ ಲಂಡನ್ನಿನಲ್ಲಿ ಜಾರಿಕೊಳ್ಳುವುದು ಕಷ್ಟವಾಗುತ್ತಿತ್ತು. ಗಡಿ ದಾಟಿ ಮುಟ್ಟಬೇಕಾದ ಯಾವ ತೀರ್ಪಿಗೂ ಈ ಎಚ್ಚರ ಬೇಕು.

ಇಷ್ಟು ಹೇಳಿದ ಮೇಲೂ ಒಂದು ಅನ್ಯಾಯ ನನ್ನನ್ನು ಕಾಡುತ್ತದೆ. ರೈತರ ಮಂಡಳಿಗೆ ಹಾಕಿದ ಪ್ರಶ್ನೆಗಳನ್ನು ವಿಷನ್ 2020ಕ್ಕೆ ಯಾರು ಹಾಕಿದರು? ಎರಡು ಕೋಟಿ ಜನರ ಬದುಕನ್ನು ಬದಲಿಸುವ ಆ ಒಂದು ಅಂಕಿಯನ್ನು ಬರೆಯುವಾಗ ಎಷ್ಟು ಜನರನ್ನು ಕೇಳಿದರು? ಅವರನ್ನು ಆರಿಸಿದ್ದು ಹೇಗೆ? ಎದುರು ವಾದ ಮಾಡುವ ಸಾಕ್ಷಿಗಳನ್ನು ಕರೆದಿದ್ದರಾ? ಮೇಲೆ ಕೂತು ನೋಡಲು ನಿವೃತ್ತ ನ್ಯಾಯಮೂರ್ತಿ ಇದ್ದರಾ? ಕೋಣೆಯ ಒಳಗಿನ ಮಾತಿನ ವಿಡಿಯೊ ಇದೆಯಾ? ಸಲಹಾ ಕಂಪನಿಯ ಕಡತಕ್ಕೆ ಅದರ ಹೆಸರೇ ಸಾಕಾಯಿತು. ಅಲ್ಗೋಲ್‌ನ 19 ಜನರಿಗೆ ಮಾತ್ರ ತಮ್ಮ ಪ್ರತಿನಿಧಿತ್ವವನ್ನು ರುಜುವಾತು ಮಾಡುವ ಹೊರೆ ಬಿತ್ತು. ‘ನೀವು ಹೇಳಿದ್ದು ತಪ್ಪು’ ಎಂದು ವಾದಿಸುವ ಬದಲು ‘ಹೇಳಲು ನೀವು ಯಾರು’ ಎಂದು ಕೇಳಿದರೆ ವಿಷಯ ಅಲ್ಲೇ ನಿಲ್ಲುತ್ತದೆ. ಇಲ್ಲೂ ನಿಂತಿತು. ಇಷ್ಟೆಲ್ಲ ವಾದದ ನಡುವೆ 70 ಯಾಕೆ 40 ಆಗಬೇಕು ಎಂಬುದು ಹಿಂದೆ ಸರಿಯಿತು.

ನಂತರದ ಲೆಕ್ಕ

ಲಂಡನ್ ಬಿಡುಗಡೆಯಾಗಿ ಎಂಟೇ ದಿನಕ್ಕೆ, 2002ರ ಮಾರ್ಚ್ 26ರಂದು, ಭಾರತದಲ್ಲಿ ಬಿಟಿ ಹತ್ತಿಯ ವಾಣಿಜ್ಯ ಬೇಸಾಯಕ್ಕೆ ಅನುಮತಿ ಸಿಕ್ಕಿತು. ಅನುಮತಿ ಪಡೆದ ಆರು ರಾಜ್ಯಗಳಲ್ಲಿ ಆಂಧ್ರವೂ ಇತ್ತು, ಕರ್ನಾಟಕವೂ ಇತ್ತು. 2005ರ ಮೇ ತಿಂಗಳಲ್ಲಿ, ಈ ಅನುಮತಿ ಕೊಟ್ಟಿದ್ದ ಕೇಂದ್ರ ಸರ್ಕಾರದ ಸಮಿತಿಯೇ ಮೊದಲ ಮೂರು ಬಿಟಿ ತಳಿಗಳಿಗೆ ಆಂಧ್ರದಲ್ಲಿ ಅನುಮತಿ ಮುಂದುವರಿಸಲಿಲ್ಲ. ಅಲ್ಲಿನ ರೈತರಿಗೆ ನಷ್ಟವಾಗಿದೆ ಎಂಬ ದೂರುಗಳು ಬಂದಿದ್ದವು. ಆದರೆ ಹೊಸ ತಳಿಗಳು ಬಂದವು. ಕೆಲವೇ ವರ್ಷಗಳಲ್ಲಿ ಆಂಧ್ರದ ಹತ್ತಿ ಹೊಲಗಳಲ್ಲಿ ಬಹುಪಾಲು ಬಿಟಿಯೇ ಆಯಿತು.

ಇದನ್ನು ಮುಚ್ಚಿಡಬಾರದು. ಮಂಡಳಿ ಬೇಡ ಎಂದದ್ದನ್ನು ಲಕ್ಷಾಂತರ ರೈತರು ಬಿತ್ತಿದರು. ಹಾಗಾದರೆ ತೀರ್ಪು ಸುಳ್ಳಾಯಿತೇ? ನನಗೆ ಹಾಗೆ ಅನಿಸುವುದಿಲ್ಲ. ಅಂಗಡಿಯಲ್ಲಿ ಬೇರೆ ಬೀಜವೇ ಸಿಗದಿರುವಾಗ, ಸಾಲ ಕೊಡುವವನೇ ಬೀಜವನ್ನೂ ಮಾರುವಾಗ, ಪಕ್ಕದವನ ಹೊಲದಲ್ಲಿ ಮೊದಲ ವರ್ಷ ಚೆನ್ನಾಗಿ ಬಂದದ್ದು ಕಣ್ಣಿಗೆ ಕಾಣುವಾಗ ಒಬ್ಬ ರೈತ ಒಂದು ಹಂಗಾಮಿಗೆ ಮಾಡುವ ತೀರ್ಮಾನ ಒಂದು ತರಹ. ಏಳು ದಿನ ಕೂತು, ಎಲ್ಲರ ವಾದ ಕೇಳಿ, 20 ವರ್ಷದ ಲೆಕ್ಕ ಹಾಕಿ ಮಾಡುವ ತೀರ್ಮಾನ ಇನ್ನೊಂದು ತರಹ. ಎರಡೂ ರೈತರದೇ ತೀರ್ಮಾನ. ನೀತಿ ಬರೆಯುವವರು ಮೊದಲನೆಯದನ್ನು ‘ರೈತರು ಒಪ್ಪಿದ್ದಾರೆ’ ಎಂದು ಉಲ್ಲೇಖಿಸುತ್ತಾರೆ, ಎರಡನೆಯದನ್ನು ಅಭಿಪ್ರಾಯ ಎಂದು ಬದಿಗಿಡುತ್ತಾರೆ.

2004ರ ಚುನಾವಣೆಯಲ್ಲಿ ನಾಯ್ಡು ಅವರ ಪಕ್ಷ 180 ಸ್ಥಾನದಿಂದ 47ಕ್ಕೆ ಕುಸಿಯಿತು. ಹಳ್ಳಿಗಳ ಸಿಟ್ಟು ಅದರ ದೊಡ್ಡ ಕಾರಣ ಎಂದು ಬಹಳ ಜನ ಬರೆದರು. ಪ್ರಜಾತೀರ್ಪಿನಿಂದ ಹೀಗಾಯಿತು ಎಂದು ಹೇಳಿದರೆ ಅದು ಉತ್ಪ್ರೇಕ್ಷೆ. ಬರಗಾಲ, ಸಾಲ, ರೈತರ ಆತ್ಮಹತ್ಯೆ, ವಿದ್ಯುತ್ ದರ ಎಲ್ಲ ಸೇರಿತ್ತು. ಆದರೆ ಮೂರು ವರ್ಷ ಮೊದಲೇ ಅಲ್ಗೋಲ್‌ನಲ್ಲಿ ಹೇಳಿದ ಮಾತನ್ನು ಸರ್ಕಾರ ಕೇಳಿಸಿಕೊಂಡಿದ್ದರೆ ಹಳ್ಳಿಗಳಲ್ಲಿ ಏನು ನಡೆಯುತ್ತಿದೆ ಎಂಬ ಸೂಚನೆಯಾದರೂ ಅದಕ್ಕೆ ಸಿಗುತ್ತಿತ್ತು.

ದೊಡ್ಡ ಸಭೆಗಳ ಪಕ್ಕದಲ್ಲಿ ಇಟ್ಟು ನೋಡಿದಾಗ

2009ರ ಸೆಪ್ಟೆಂಬರ್ 26ರಂದು ಡೆನ್ಮಾರ್ಕಿನ ತಂತ್ರಜ್ಞಾನ ಮಂಡಳಿಯ ಮುಂದಾಳತ್ವದಲ್ಲಿ 38 ದೇಶಗಳ ಸುಮಾರು 4,000 ಜನ ಒಂದೇ ದಿನ, ಒಂದೇ ಪುಸ್ತಿಕೆ ಓದಿ, ಒಂದೇ ಪ್ರಶ್ನೆಗಳಿಗೆ ಓಟು ಹಾಕಿದರು. ಕೋಪನ್‌ಹೇಗನ್ ಹವಾಮಾನ ಸಮ್ಮೇಳನಕ್ಕೆ ಜನರ ಅಭಿಪ್ರಾಯ ಮುಟ್ಟಿಸುವ ಪ್ರಯತ್ನ ಅದು. ಭಾರತವೂ ಅದರಲ್ಲಿತ್ತು. 2021ರಲ್ಲಿ ಗ್ಲಾಸ್ಗೊ ಸಮ್ಮೇಳನದ ಹೊತ್ತಿಗೆ ‘ಗ್ಲೋಬಲ್ ಅಸೆಂಬ್ಲಿ’ ನಡೆಯಿತು. ಜನಸಂಖ್ಯೆಯ ಸಾಂದ್ರತೆ ನೋಡಿ ಭೂಪಟದಲ್ಲಿ ಲಾಟರಿ ಎತ್ತಿ ಜಾಗಗಳನ್ನು ಆರಿಸಿ, ಅಲ್ಲಿನ ಜನರಲ್ಲಿ ಮತ್ತೆ ಲಾಟರಿ ಎತ್ತಿ 100 ಜನರನ್ನು ಕೂರಿಸಿದರು. ಅವರು ವಾರಗಟ್ಟಲೆ ಆನ್‌ಲೈನಿನಲ್ಲಿ ಮಾತಾಡಿದರು. ಮೊದಲನೆಯದರಲ್ಲಿ ಜನ ತಮ್ಮ ತಮ್ಮ ದೇಶದವರ ಜೊತೆಗೇ ಕೂತಿದ್ದರು. ಎರಡನೆಯದರಲ್ಲಿ ಬೇರೆ ದೇಶದವರ ಜೊತೆ, ದುಭಾಷಿಗಳ ಮೂಲಕ.

ಆಯ್ಕೆಯ ವಿಚಾರದಲ್ಲಿ ಇವು ಪ್ರಜಾತೀರ್ಪಿಗಿಂತ ಮುಂದೆ. ಪ್ರತಿನಿಧಿತ್ವದ ತಕರಾರನ್ನು ಲಾಟರಿ ಬಹುಮಟ್ಟಿಗೆ ಬಗೆಹರಿಸುತ್ತದೆ. ಆದರೆ ಗ್ಲಾಸ್ಗೊದಲ್ಲಿ ಗ್ಲೋಬಲ್ ಅಸೆಂಬ್ಲಿ ಹೊರಡಿಸಿದ ಘೋಷಣೆಗೆ ಇಂಥವರೇ ಉತ್ತರ ಕೊಡಬೇಕು ಎಂಬ ನಿಯಮ ಇರಲಿಲ್ಲ. ಸುಮಾರು 200 ದೇಶಗಳಿಗೆ ಹೇಳಿದ ಮಾತು ನಿರ್ದಿಷ್ಟವಾಗಿ ಯಾರಿಗೂ ಹೇಳಿದಂತೆ ಆಗುವುದಿಲ್ಲ. ಪ್ರಜಾತೀರ್ಪಿಗೆ ಒಂದು ವಿಳಾಸ ಇತ್ತು: ಇಂಥ ಇಲಾಖೆ, ಇಂಥ ಹಣ, ಇಂಥ ರಾಜ್ಯ. ಡಿಎಫ್‌ಐಡಿ ಸಿಟ್ಟಾದದ್ದೇ ಆ ವಿಳಾಸ ಸರಿಯಾಗಿತ್ತು ಎಂಬುದಕ್ಕೆ ಸಾಕ್ಷಿ ಎಂದು ನಾನು ನಂಬಿದ್ದೇನೆ.

ಪದ್ಧತಿ ಮುಂದೆ ಹೋದ ದಾರಿ

ಅಲ್ಗೋಲ್‌ನಲ್ಲಿ ಕಲಿತದ್ದು ಅಲ್ಲೇ ಉಳಿಯಲಿಲ್ಲ. 2006ರ ಜನವರಿಯಲ್ಲಿ ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಹತ್ತಿ ಸೀಮೆ ಸಿಕಾಸೊದಲ್ಲಿ 45 ರೈತರ ಮಂಡಳಿ ಕುಲಾಂತರಿ ಬೆಳೆಗಳ ಬಗ್ಗೆ ಕೂತಿತು. ಅಲ್ಲಿನ ಕಲಾಪವನ್ನು ರೇಡಿಯೊದಲ್ಲಿ ನೇರವಾಗಿ ಬಿತ್ತರಿಸಿದರು, ಹೊಲದಲ್ಲಿದ್ದವರೂ ಕೇಳಿದರು. ಆ ಮಂಡಳಿಯೂ ಕುಲಾಂತರಿ ಬೇಡ, ನಮ್ಮ ಬೀಜಗಳ ಮೇಲೆ ಸಂಶೋಧನೆ ಮಾಡಿ ಎಂದಿತು. 2007ರಿಂದ ಭಾರತ, ಮಾಲಿ, ಇರಾನ್, ಪೆರು ದೇಶಗಳಲ್ಲಿ ಕೃಷಿ ಸಂಶೋಧನೆಯನ್ನು ಯಾರಿಗಾಗಿ, ಯಾರ ಮಾತಿನಂತೆ ಮಾಡಬೇಕು ಎಂಬ ಪ್ರಶ್ನೆಯನ್ನು ರೈತರ ಮುಂದೆ ಇಡುವ ಕೆಲಸ ಶುರುವಾಯಿತು. ಅದರ ಭಾಗವಾಗಿ 2009ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ‘ರೈತ ತೀರ್ಪು’ ನಡೆಯಿತು. ಈ ಸಲ ತೀರ್ಪು ಹೇಳಿದವರು ಕರ್ನಾಟಕದ ಸಣ್ಣ ರೈತರು, ಕಲಾಪ ಕನ್ನಡದಲ್ಲಿ. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಸಂಶೋಧನೆ ಯಾವ ಬೆಳೆಗೆ, ಯಾರ ಹೊಲಕ್ಕೆ ಎಂಬುದು ಅಲ್ಲಿ ಚರ್ಚೆಯಾಯಿತು. ನಮ್ಮಲ್ಲಿ ಇದರ ಬಗ್ಗೆ ಇನ್ನೂ ಜಾಸ್ತಿ ಬರೆಯಬೇಕಿತ್ತು.

2012ರ ಫೆಬ್ರವರಿ 1ರಿಂದ 3ರವರೆಗೆ ಘಾನಾದ ಅಕ್ರಾದಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಆಫ್ರಿಕಾದಲ್ಲಿ ಹಸಿರು ಕ್ರಾಂತಿ ತರುತ್ತೇವೆ ಎಂದು 2006ರಲ್ಲಿ ಗೇಟ್ಸ್ ಮತ್ತು ರಾಕ್‌ಫೆಲರ್ ಪ್ರತಿಷ್ಠಾನಗಳ ಹಣದಿಂದ ಶುರುವಾದ ‘ಆಗ್ರಾ’ ಎಂಬ ಸಂಸ್ಥೆ ಇದೆ. ಪಶ್ಚಿಮ ಆಫ್ರಿಕಾದ ರೈತರು ತಮ್ಮ ಮಂಡಳಿಗಳ ತೀರ್ಮಾನಗಳನ್ನು ಹಿಡಿದುಕೊಂಡು ಬಂದರು. ಆಗ್ರಾದವರನ್ನು ಎದುರಿಗೆ ಕೂರಿಸಿದರು. ವಿಶ್ವಸಂಸ್ಥೆಯ ಆಹಾರ ಹಕ್ಕಿನ ವಿಶೇಷ ವರದಿಗಾರರಾಗಿದ್ದ ಒಲಿವಿಯೆ ದ ಶುಟರ್ ಅಧ್ಯಕ್ಷರ ಕುರ್ಚಿಯಲ್ಲಿದ್ದರು. ಲಂಡನ್ನಿನಲ್ಲಿ ಕಾಗದದ ಮೇಲೆ ಹೋಗಿದ್ದ ಮಾತು ಅಕ್ರಾದಲ್ಲಿ ಹಣ ಕೊಡುವವರ ಮುಖಕ್ಕೆ ನೇರವಾಗಿ ಹೋಯಿತು. ಆಗ್ರಾ ತನ್ನ ದಾರಿಯನ್ನು ಅದರಿಂದ ಬದಲಿಸಿಬಿಡಲಿಲ್ಲ. ಆದರೆ ಮೂರು ದಿನ ರೈತರ ಪ್ರಶ್ನೆಗಳ ಎದುರು ಕೂರಬೇಕಾಯಿತು, ತಾವು ಯಾವ ಬೀಜಕ್ಕೆ, ಯಾವ ಸಂಶೋಧನೆಗೆ ಯಾಕೆ ಹಣ ಕೊಡುತ್ತೇವೆ ಎಂದು ಅವರಿಗೇ ಹೇಳಬೇಕಾಯಿತು.